ಗೆಳೆಯ ತೀರಿಕೊಂಡರೆ ಸೂತಕ ಯಾರಿಗೆ?

ಪ್ರಶ್ನೆ: ನನಗೆ 71 ವರ್ಷ. ಸಾಗರದಲ್ಲಿ ಮಗ, ಸೊಸೆಯ ಜೊತೆ ಇದ್ದೇನೆ. ನಾನೂ ನನ್ನ ಗೆಳೆಯನೂ ಹುಟ್ಟಿದ್ದು ಶರಾವತಿ ಹಿನ್ನೀರಲ್ಲಿ ಮುಳುಗಿದ ಒಂದೇ ಊರಲ್ಲಿ. ಎರಡು ಮನೆಗಳ ನಡುವೆ ಇದ್ದದ್ದು ಬೇಲಿ ದಾಟಲು ಬಿಟ್ಟ ಒಂದು ದಣಪೆ ಮಾತ್ರ. 1964ರಲ್ಲಿ ಊರು ಬಿಟ್ಟಾಗ ನಮಗೆ ಹತ್ತು ವರ್ಷ. ಅವರು ಹೊಳೆಯಾಚೆ ಕರೂರು ಸೀಮೆಗೆ ಹೋದರು, ನಾವು ಈಚೆ ಬಂದೆವು. ಆದರೂ ಬಿಡಲಿಲ್ಲ. ಮೊದಲು ದೋಣಿ, ಆಮೇಲೆ ಲಾಂಚು; ಅವನು ಬರುತ್ತಿದ್ದ, ಇಲ್ಲ ನಾನು ಹೋಗುತ್ತಿದ್ದೆ. ಕಳೆದ ಜೂನ್‌ನಲ್ಲಿ ಮಲಗಿದಲ್ಲೇ ಹೋದ. ಸೇತುವೆ ಬಿಡುವುದಕ್ಕೆ ಒಂದು ತಿಂಗಳೂ ಉಳಿದಿರಲಿಲ್ಲ. ಹನ್ನೊಂದನೇ ದಿನ ಹೋದೆ. ಊರವರ ಪಂಕ್ತಿಯಲ್ಲಿ ಕೂರಿಸಿದರು, ಉಂಡು ಬಂದೆ. ಎಂಟು ತಿಂಗಳಾಯಿತು. ಈಗಲೂ ಸಂಜೆ ಅವನ ನಂಬರಿಗೆ ಫೋನ್ ಮಾಡುತ್ತೇನೆ, ಸ್ವಿಚ್ ಆಫ್ ಎನ್ನುತ್ತದೆ. ಆರು ವರ್ಷದ ಹಿಂದೆ ಹೆಂಡತಿ ಹೋದಾಗಲೂ ನಾನು ಇಷ್ಟು ಅತ್ತವನಲ್ಲ. ಆಗ ಅವನು ಬಂದು ಹದಿಮೂರು ದಿನ ನಮ್ಮಲ್ಲೇ ಇದ್ದ. ಹೆಂಡತಿಗಿಂತ ಗೆಳೆಯ ಹೆಚ್ಚಾದನೇ ಎಂದು ಒಳಗೇ ಕೊರೆಯುತ್ತದೆ. ಮಗ 'ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ ಅಪ್ಪಾ' ಎನ್ನುತ್ತಾನೆ. ಈಗ ಅವನ ಮಗಳು ವರ್ಷಾಂತಿಕಕ್ಕೆ ನೆನಪಿನ ಪುಸ್ತಿಕೆ ಮಾಡುತ್ತಾಳಂತೆ, 'ಮಾವ, ನೀವು ಬರೆಯಲೇಬೇಕು' ಎಂದಿದ್ದಾಳೆ. ಬರೆಯಲು ಕೂತರೆ ದೊಡ್ಡದೇನೂ ಬರುವುದಿಲ್ಲ. ಅವನು ಅಡಕತ್ತರಿ ಎಡಗೈಯಲ್ಲಿ ಹಿಡಿಯುತ್ತಿದ್ದದ್ದು, ದೊಡ್ಡ ಹೋಳನ್ನು ನನ್ನ ಎಲೆಗೆ ಹಾಕುತ್ತಿದ್ದದ್ದು, ಬೆರಳಿನ ಸುಣ್ಣವನ್ನು ತನ್ನ ಮನೆಯ ಜಗಲಿ ಕಂಬಕ್ಕೆ ಒರೆಸುತ್ತಿದ್ದದ್ದು, ಇಂಥವೇ ಬರುತ್ತವೆ. ಕಂಬದ ಆ ಜಾಗ ಈಗಲೂ ಬೆಳ್ಳಗಿದೆ. ಮಧ್ಯೆ ಸೊಸೈಟಿ ಸಾಲದ ಜಾಮೀನಿನ ವಿಷಯಕ್ಕೆ ನಾಲ್ಕು ವರ್ಷ ಮಾತು ಬಿಟ್ಟಿದ್ದೆವು. ಅದನ್ನು ಬರೆಯಬೇಕೋ ಬಿಡಬೇಕೋ ತಿಳಿಯುತ್ತಿಲ್ಲ. ನನಗೆ ಆಗುತ್ತಿರುವುದು ಕಾಯಿಲೆಯೇ?

ಉತ್ತರ: ಹಿರಿಯರಿಗೆ ನಮಸ್ಕಾರ. ಪತ್ರ ನೋಡಿ ಹೇಳಬಹುದಾದಷ್ಟರ ಮಟ್ಟಿಗೆ, ಇದು ಕಾಯಿಲೆಯಲ್ಲ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆ ಕೊನೆಯ ಸಾಲಿಗೆ ಉತ್ತರ ಸಿಗುವ ತನಕ ಉಳಿದದ್ದನ್ನು ನೀವು ಸಮಾಧಾನವಾಗಿ ಓದಲಾರಿರಿ. ಯಾವಾಗ ವೈದ್ಯರ ಹತ್ತಿರ ಹೋಗಬೇಕು ಎಂಬುದನ್ನೂ ಮುಂದೆ ಬರೆಯುತ್ತೇನೆ.

ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಸಾಲು ಬೇರೆ. 'ಊರವರ ಪಂಕ್ತಿಯಲ್ಲಿ ಕೂರಿಸಿದರು, ಉಂಡು ಬಂದೆ.' ನೀವು ಯಾರನ್ನೂ ದೂರಿಲ್ಲ. ಆ ಮನೆಯವರೂ ತಪ್ಪು ಮಾಡಿಲ್ಲ. ಸಾವಿನ ಮನೆಯಲ್ಲಿ ಯಾರು ಎಲ್ಲಿ ಕೂರಬೇಕು, ಯಾರಿಗೆ ಎಷ್ಟು ದಿನ ಸೂತಕ, ಯಾರು ತಲೆ ಬೋಳಿಸಬೇಕು, ಯಾರ ಮನೆಯಲ್ಲಿ ಹಬ್ಬ ಇಲ್ಲ, ಎಲ್ಲದಕ್ಕೂ ನಮ್ಮಲ್ಲಿ ಲೆಕ್ಕ ಇದೆ. ವರ್ಷಕ್ಕೊಮ್ಮೆ ಮುಖ ನೋಡುವ ದಾಯಾದಿಗೂ ಸೂತಕ ಉಂಟು. ಅರವತ್ತು ವರ್ಷ ಹೊಳೆ ದಾಟಿ ಬಂದ ಗೆಳೆಯನಿಗೆ ಇಲ್ಲ. ಸೂತಕ ಎಂದರೆ ಮೈಲಿಗೆ ಎಂದಷ್ಟೇ ನಾವು ತಿಳಿಯುತ್ತೇವೆ. ಅದು ಇನ್ನೊಂದು ಕೆಲಸವನ್ನೂ ಮಾಡುತ್ತದೆ: ಈ ಮನುಷ್ಯನಿಗೆ ಪೆಟ್ಟಾಗಿದೆ, ಇವನನ್ನು ಕೆಲವು ದಿನ ಕೆಲಸಕ್ಕೆ ಕರೆಯಬೇಡಿ, ಬಂದು ಕೂತು ಮಾತಾಡಿಸಿ ಎಂದು ಊರಿಗೆಲ್ಲ ಸಾರುತ್ತದೆ. ನಿಮ್ಮ ವಿಷಯದಲ್ಲಿ ಯಾರೂ ಸಾರಲಿಲ್ಲ. ಹನ್ನೊಂದನೇ ದಿನ ಉಂಡು, ಲಾಂಚು ಹತ್ತಿ, ಸಾಗರದ ಬಸ್ಸು ಹಿಡಿದು ಮನೆಗೆ ಬಂದಿರಿ. ಮರುದಿನ ಬೆಳಿಗ್ಗೆ ಹಾಲಿನ ಪ್ಯಾಕೆಟ್ ತರಲು ನೀವೇ ಹೋಗಿರುತ್ತೀರಿ.

ಇದನ್ನು ಓದಿದವರು ಗುರುತಿಸಿದ್ದಾರೆ. ಅಮೆರಿಕದ ಕೆನೆತ್ ಡೋಕಾ 1989ರಲ್ಲಿ ಇದಕ್ಕೊಂದು ಹೆಸರಿಟ್ಟರು. ನಮ್ಮ ಮಾತಿನಲ್ಲಿ ಹಕ್ಕಿಲ್ಲದ ದುಃಖ ಎನ್ನಬಹುದು. ಕಳೆದುಕೊಂಡದ್ದು ನಿಜ, ಆದರೆ ಅಳುವ ಹಕ್ಕನ್ನು ಸುತ್ತಲಿನವರು ಕೊಟ್ಟಿರುವುದಿಲ್ಲ. ಗೆಳೆಯರನ್ನು ಕಳೆದುಕೊಂಡವರು ಈ ಸಾಲಿನಲ್ಲಿ ಮೊದಲಿಗರು. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನ ಆಸ್ಟ್ರೇಲಿಯಾದ 26,515 ಜನರ ಹಲವು ವರ್ಷಗಳ ಮಾಹಿತಿಯನ್ನು ಪರಿಶೀಲಿಸಿತು. ಅವರಲ್ಲಿ 9,586 ಜನ ಒಬ್ಬ ಆಪ್ತ ಸ್ನೇಹಿತರನ್ನಾದರೂ ಕಳೆದುಕೊಂಡಿದ್ದರು. ಅವರ ಮೈಗೆ, ಮನಸ್ಸಿಗೆ, ಜನರೊಡನೆ ಬೆರೆಯುವ ಉತ್ಸಾಹಕ್ಕೆ ಬಿದ್ದ ಪೆಟ್ಟು ನಾಲ್ಕು ವರ್ಷದವರೆಗೂ ಕಾಣುತ್ತಿತ್ತು. ನಾಲ್ಕು ವರ್ಷ ಎಂಬುದನ್ನು ದಯವಿಟ್ಟು ಮಗನಿಗೂ ಓದಿ ಹೇಳಿ. ನಿಮಗೆ ಆಗಿರುವುದು ಎಂಟೇ ತಿಂಗಳು. ಮಗ ಕೆಟ್ಟವರಲ್ಲ. ಅಪ್ಪ ಅಳುವುದನ್ನು ನೋಡಲಾರದೆ ಆಡಿದ ಮಾತು ಅದು. ಆದರೂ 'ಇದ್ದದ್ದೇ' ಎಂಬ ಮಾತು ಮನಸ್ಸಿನ ಬಾಗಿಲು ಹಾಕಿಬಿಡುತ್ತದೆ.

ನಮ್ಮ ಹಿರಿಯರು ಗೆಳೆಯನನ್ನು ಪೂರ್ತಿ ಮರೆತವರೂ ಅಲ್ಲ. ಮಹಾಲಯ ಪಕ್ಷದ ತರ್ಪಣದಲ್ಲಿ ಅಪ್ಪ, ಅಜ್ಜ, ತಾಯಿಯ ಕಡೆಯವರು, ಒಡಹುಟ್ಟಿದವರು, ಮಾವ, ಭಾವ ಎಲ್ಲರ ಹೆಸರೂ ಮುಗಿದ ಮೇಲೆ ಗುರುವಿಗೂ ಸಖನಿಗೂ ನೀರು ಬಿಡುವ ಕ್ರಮ ಇದೆ. ಪಟ್ಟಿಯ ಕೊನೆಯಲ್ಲಿದ್ದಾನೆ, ಆದರೆ ಇದ್ದಾನೆ. ನೀವು ತರ್ಪಣ ಕೊಡುವ ಮನೆಯವರೋ, ಹಿರಿಯರ ಹಬ್ಬಕ್ಕೆ ಎಡೆ ಇಡುವ ಮನೆಯವರೋ ನನಗೆ ತಿಳಿಯದು. ಎಡೆ ಇಡುವವರಾದರೆ ಇನ್ನೊಂದು ಬಾಳೆಲೆ ಹಾಕಿ, ಅವನಿಗೆ ಇಷ್ಟವಾದದ್ದನ್ನು ಬಡಿಸಿ. ಯಾರನ್ನೂ ಕೇಳಬೇಕಾಗಿಲ್ಲ.

ಇನ್ನು ಹೆಂಡತಿಯ ವಿಷಯ. ಇದನ್ನು ನೀವು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ, ಆದರೆ ರಾತ್ರಿ ನಿದ್ದೆ ಕೆಡಿಸುತ್ತಿರುವುದು ಇದೇ ಎಂದು ನನಗೆ ಅನಿಸುತ್ತದೆ. ಕಣ್ಣೀರನ್ನು ಸೇರು ಪಾವಿನಲ್ಲಿ ಅಳೆದು ಪ್ರೀತಿಯ ಲೆಕ್ಕ ಹಾಕಬೇಡಿ. ಹೆಂಡತಿ ಹೋದಾಗ ಮನೆ ತುಂಬ ಜನ. ಮಕ್ಕಳನ್ನು ಸಮಾಧಾನ ಮಾಡುವ ಜವಾಬ್ದಾರಿ ನಿಮ್ಮದು. ಪುರೋಹಿತರು, ಅಡುಗೆಯವರು, ನೆಂಟರ ಹಾಸಿಗೆ ಹೊದಿಕೆ, ಎಲ್ಲದಕ್ಕೂ ನಿಮ್ಮನ್ನೇ ಕೇಳುತ್ತಿದ್ದರು. ಇಷ್ಟೆಲ್ಲದರ ನಡುವೆ ನಿಮ್ಮ ಪಕ್ಕದಲ್ಲಿ ಹದಿಮೂರು ದಿನ ಒಬ್ಬ ಕೂತಿದ್ದ. ಈ ಸಲ ಹೋದವನು ಆ ಪಕ್ಕದಲ್ಲಿ ಕೂತಿದ್ದವನೇ. ಹೆಂಡತಿಯ ದುಃಖವನ್ನು ತಡೆದುಕೊಳ್ಳಲು ಆನಿಕೆಯಾಗಿದ್ದ ಕಂಬ ಈಗ ಇಲ್ಲ. ಹಾಗಾಗಿ ಈಗ ಬರುತ್ತಿರುವ ಅಳುವಿನಲ್ಲಿ ಆಕೆಯ ಪಾಲೂ ಇದ್ದೀತು. ನನ್ನ ಬಳಿ ಬಂದವರಲ್ಲಿ ಇದನ್ನು ಎಷ್ಟೋ ಸಲ ನೋಡಿದ್ದೇನೆ: ಎರಡನೇ ಸಾವಿಗೆ ಅಳುತ್ತಾ ಕೂತವರು ಮಾತಿನ ನಡುವೆ ಮೊದಲನೆಯವರ ಹೆಸರು ಹೇಳಿಬಿಡುತ್ತಾರೆ.

ದುಃಖಕ್ಕೆ ಐದು ಮೆಟ್ಟಿಲು ಇವೆ, ಒಂದೊಂದೇ ಹತ್ತಿ ಕೊನೆಗೆ ಒಪ್ಪಿಕೊಳ್ಳುವುದು ಎಂಬ ಮಾತು ಮೊಬೈಲಿನಲ್ಲೆಲ್ಲ ಓಡಾಡುತ್ತದೆ. ನಿಮ್ಮ ಕಿವಿಗೂ ಬಿದ್ದಿರಬಹುದು. ಮನೋವೈದ್ಯೆ ಎಲಿಸಬೆತ್ ಕ್ಯೂಬ್ಲರ್-ರಾಸ್ 1969ರಲ್ಲಿ ಅದನ್ನು ಬರೆದದ್ದು ಸಾವಿನ ಹಾಸಿಗೆಯಲ್ಲಿದ್ದ ರೋಗಿಗಳನ್ನು ಮಾತಾಡಿಸಿ. ಹಿಂದೆ ಉಳಿದವರಿಗೆ ಆ ಮೆಟ್ಟಿಲುಗಳನ್ನು ಅಳವಡಿಸಿದ್ದು ಆಮೇಲೆ. ನಿಮ್ಮ ಅನುಭವಕ್ಕೆ ಹತ್ತಿರ ಬರುವುದು 1999ರಲ್ಲಿ ಸ್ಟ್ರೋಬೆ ಮತ್ತು ಶುಟ್ ಎಂಬ ಇಬ್ಬರು ಸಂಶೋಧಕರು ಹೇಳಿದ್ದು. ದುಃಖದಲ್ಲಿರುವವರು ಒಂದು ದಡದಲ್ಲಿ ಕೂತು ಅಳುತ್ತಾರೆ, ಸ್ವಲ್ಪ ಹೊತ್ತಿಗೆ ಆಚೆ ದಡಕ್ಕೆ ಹೋಗಿ ಕರೆಂಟ್ ಬಿಲ್ ಕಟ್ಟುತ್ತಾರೆ, ಮತ್ತೆ ಈಚೆ ಬರುತ್ತಾರೆ. ಹೋಗಿ ಬಂದು ಮಾಡುವುದೇ ಆರೋಗ್ಯದ ಲಕ್ಷಣ. ಲಾಂಚು ಒಂದೇ ದಡದಲ್ಲಿ ನಿಂತರೆ ಮಾತ್ರ ಚಿಂತೆ.

ಈಗ ನಾನು ನಿಜವಾಗಿ ಹೇಳಬೇಕಾದ ಮಾತಿಗೆ ಬರುತ್ತೇನೆ.

ಜೊತೆಗೆ ಬಾಳಿದವರು ಆಸ್ತಿಯನ್ನು ಮಾತ್ರವಲ್ಲ, ನೆನಪನ್ನೂ ಪಾಲು ಮಾಡಿಕೊಂಡಿರುತ್ತಾರೆ. ಡೇನಿಯಲ್ ವೆಗ್ನರ್ ಎಂಬ ಮನಶ್ಶಾಸ್ತ್ರಜ್ಞರು 1985ರಲ್ಲಿ ಇದನ್ನು ವಿವರಿಸಿದರು. ಮನೆಯಲ್ಲಿ ನೆಂಟರ ಮಕ್ಕಳ ಹೆಸರೆಲ್ಲ ಹೆಂಡತಿಗೆ ನೆನಪು, ತೋಟದ ಗಡಿಕಲ್ಲು ಗಂಡನಿಗೆ. ಇವರು ಅವನ್ನು ನೆನಪಿಡಲು ಹೋಗುವುದೇ ಇಲ್ಲ, ಅವರಿದ್ದಾರಲ್ಲ ಎಂಬ ಧೈರ್ಯ. ಬಾಲ್ಯದ ಗೆಳೆಯರಲ್ಲಿ ಇದು ಇನ್ನೂ ಗಾಢ. ವಯಸ್ಸಾದವರನ್ನು ಕೂರಿಸಿ ಹಳೆಯದನ್ನು ಕೇಳಿದರೆ ಹತ್ತರಿಂದ ಮೂವತ್ತರ ವಯಸ್ಸಿನ ಸಂಗತಿಗಳೇ ಹೆಚ್ಚು ಬರುತ್ತವೆ ಎಂಬುದು ನೆನಪಿನ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿರುವ ವಿಷಯ. ಆ ಇಪ್ಪತ್ತು ವರ್ಷವನ್ನು ನಿಮ್ಮ ಜೊತೆ ನೋಡಿದವನು ಅವನು.

ಸಾಮಾನ್ಯವಾಗಿ ಊರು ಎಂಬುದೊಂದು ಇರುತ್ತದೆ. ಗೆಳೆಯ ಹೋದರೂ ಶಾಲೆಯ ಕಟ್ಟೆ ಇರುತ್ತದೆ, ಈಜಲು ಕಲಿತ ಹೊಂಡ ಇರುತ್ತದೆ, ಮಾವಿನ ಮರ ಇರುತ್ತದೆ. ನೋಡಿದರೆ ಸಾಕು, ಅವೇ ನೆನಪು ಮಾಡಿಕೊಡುತ್ತವೆ. ನಿಮ್ಮ ಊರು ನೀರಿನಡಿ ಇದೆ. ಲಿಂಗನಮಕ್ಕಿ ಅಣೆಕಟ್ಟೆ ತುಂಬಿ ನೀರು 1819 ಅಡಿಗೆ ಬಂದಿತು ಎಂದು ಪೇಪರಿನಲ್ಲಿ ಬಂದರೆ ಉಳಿದವರಿಗೆ ಅದು ಕರೆಂಟಿನ ಸುದ್ದಿ. ನಿಮಗೆ ಅದು ಮನೆಯ ಮೇಲೆ ಮತ್ತೆ ನೀರು ನಿಂತ ಸುದ್ದಿ. ಅರವತ್ತು ವರ್ಷ ಆ ಊರು ಉಳಿದಿದ್ದದ್ದು ಎರಡೇ ಕಡೆ, ನಿಮ್ಮ ತಲೆಯಲ್ಲಿ ಮತ್ತು ಅವನ ತಲೆಯಲ್ಲಿ. 'ಆ ದಣಪೆ ಪಕ್ಕದ್ದು ಹಲಸೋ ಹೆಬ್ಬಲಸೋ' ಎಂದು ಅನುಮಾನ ಬಂದರೆ ಕೇಳಲು ಒಬ್ಬನಿದ್ದ. ಈಗ ನಿಮಗೆ ನೆನಪಿರುವುದು ಸರಿಯೋ ತಪ್ಪೋ ಎಂದು ಹೇಳುವವರಿಲ್ಲ. ನೀವು ಸಂಜೆ ಆ ನಂಬರಿಗೆ ಫೋನ್ ಮಾಡುವುದು ಯಾಕೆ ಎಂದು ನಿಮ್ಮನ್ನು ನೀವೇ ಕೇಳಿ ನೋಡಿ. ಅವನ ದನಿಗಾಗಿ, ಹೌದು. ಜೊತೆಗೆ, ಏನೋ ಒಂದನ್ನು ಕೇಳಿ ಖಚಿತ ಮಾಡಿಕೊಳ್ಳಲು ಕೂಡ ಇರಬಹುದು. ನೀವು ಗೆಳೆಯನಿಗೆ ಅಳುತ್ತಿದ್ದೀರಿ, ಊರಿಗೂ ಅಳುತ್ತಿದ್ದೀರಿ. ಹತ್ತು ವರ್ಷದ ಹುಡುಗರು ಗಾಡಿಯ ಹಿಂದೆ ನಡೆಯುತ್ತಾ ಊರು ಬಿಟ್ಟಾಗ ಅವರನ್ನು ಯಾರು ತಾನೇ ಕೂರಿಸಿ ಮಾತಾಡಿಸಿದರು? ದೊಡ್ಡವರಿಗೆ ಪರಿಹಾರ, ಜಮೀನು, ಕಾಡು ಕಡಿದು ಮನೆ ಕಟ್ಟುವುದು ಇವೇ ಆಗಿದ್ದವು. ನಿಮ್ಮಿಬ್ಬರಿಗೆ ನೀವಿಬ್ಬರೇ ಆಗಿದ್ದಿರಿ.

ಫೋನಿನ ಬಗ್ಗೆ ಒಂದು ವ್ಯವಹಾರದ ಮಾತು. ಅಲ್ಲಿಗೆ ಫೋನ್ ಮಾಡುವುದರಲ್ಲಿ ನಾಚಿಕೆಯದೇನೂ ಇಲ್ಲ. ವೇಲ್ಸ್ ದೇಶದ ಡ್ಯೂಯಿ ರೀಸ್ ಎಂಬ ವೈದ್ಯರು ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡ 293 ಜನರನ್ನು ಮಾತಾಡಿಸಿ 1971ರಲ್ಲಿ ಬರೆದರು: ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಹೋದವರು ಹತ್ತಿರದಲ್ಲೇ ಇದ್ದಂತೆ, ಕಂಡಂತೆ, ಮಾತಾಡಿದಂತೆ ಅನಿಸಿತ್ತು. ಹೆಚ್ಚಿನವರು ಅದನ್ನು ಯಾರಿಗೂ ಹೇಳಿರಲಿಲ್ಲ. ಆದರೆ ಬಳಕೆಯಲ್ಲಿಲ್ಲದ ಸಿಮ್ಮನ್ನು ಕಂಪನಿಯವರು ರದ್ದು ಮಾಡಿ, ತೊಂಬತ್ತು ದಿನ ಕಳೆದ ಮೇಲೆ ಬೇರೆಯವರಿಗೆ ಕೊಡಬಹುದು. ಒಂದು ಸಂಜೆ ಆ ಕಡೆಯಿಂದ ಯಾರೋ ಅಪರಿಚಿತರು ಹಲೋ ಎಂದರೆ ನಿಮಗೆ ಎರಡನೇ ಸಲ ಸಾವಿನ ಸುದ್ದಿ ಕೇಳಿದಂತಾಗುತ್ತದೆ. ಅದಕ್ಕೆ ಮೊದಲು ನಿಮ್ಮ ಫೋನಿನಲ್ಲಿ ಅವನ ವಾಟ್ಸಾಪ್ ದನಿ ಏನಾದರೂ ಇದ್ದರೆ, ಎರಡು ಮಾತಿನದಾದರೂ ಸರಿ, ಮಗನಿಗೆ ಹೇಳಿ ಕಂಪ್ಯೂಟರಿಗೆ ಇಳಿಸಿ ಇಡಿ. ಒಂದು ಪ್ರತಿ ಅವನ ಮಗಳಿಗೂ ಕಳಿಸಿ. ಆಮೇಲೆ ದನಿ ಬೇಕೆನಿಸಿದಾಗ ಅದನ್ನು ಕೇಳಿ.

ಈಗ ಪುಸ್ತಿಕೆ. 'ದೊಡ್ಡದೇನೂ ಬರುವುದಿಲ್ಲ' ಎಂದು ಬರೆದಿದ್ದೀರಿ. ನಾನು ಸಂತೋಷಪಟ್ಟೆ. ದೊಡ್ಡದು ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಸರಳ ಸಜ್ಜನ, ಅಜಾತಶತ್ರು, ಕೊಡುಗೈ ದಾನಿ, ತುಂಬಲಾರದ ನಷ್ಟ. ಈ ಮಾತುಗಳು ಸುಳ್ಳೇನಲ್ಲ. ಆದರೆ ಫ್ಲೆಕ್ಸಿನಲ್ಲಿ ಫೋಟೋ ಬದಲಾಯಿಸಿದರೆ ಅದೇ ಮಾತು ಇನ್ನೊಬ್ಬರಿಗೂ ಸರಿಹೊಂದುತ್ತದೆ.

ನನ್ನದೇ ಒಂದು ಸಂಗತಿ ಹೇಳುತ್ತೇನೆ. ಹಾಸ್ಟೆಲಿನಲ್ಲಿ ಐದು ವರ್ಷ ನನ್ನ ಜೊತೆ ಒಂದೇ ಕೋಣೆಯಲ್ಲಿದ್ದ ಗೆಳತಿ ನಲವತ್ತೆಂಟಕ್ಕೇ ಹೋದಳು. ಅವಳ ಬಗ್ಗೆ ಬರೆದುಕೊಡಲು ಹೇಳಿದರು. ನಾನು ಎರಡು ಪುಟ ಬರೆದೆ, ಅವಳ ಸೇವಾಮನೋಭಾವ, ಛಲ, ನಿಷ್ಠೆ ಎಲ್ಲ ಬಂತು. ಅವಳ ಅಮ್ಮ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು, ಮಡಚಿ ಮಡಿಲಲ್ಲಿ ಇಟ್ಟುಕೊಂಡರು, 'ಚೆನ್ನಾಗಿ ಬರ್ದಿದೀಯ ಮಗಾ' ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, 'ಅವಳು ರಾತ್ರಿ ಓದ್ತಾ ಕೂತಾಗ ಹಸಿವಾದ್ರೆ ಎಂತ ತಿಂತಿದ್ಲು?' ನಾನು ಹೇಳಿದೆ: ಊರಿಂದ ನೀವು ಕಳಿಸುತ್ತಿದ್ದ ಅಪ್ಪೆಮಿಡಿಯ ಭರಣಿಯಿಂದ ಒಂದು ಮಿಡಿ ತೆಗೆದು, ಮಂಡಕ್ಕಿಗೆ ಅದರ ರಸ ಹಿಂಡಿ ಕಲಸಿ ತಿನ್ನುತ್ತಿದ್ದಳು, ಓಟೆಯನ್ನು ಬೆಳಗಿನ ತನಕ ಬಾಯಲ್ಲೇ ಇಟ್ಟುಕೊಳ್ಳುತ್ತಿದ್ದಳು. ಆ ತಾಯಿ ಅದನ್ನು ಮೂರು ಸಲ ಹೇಳಿಸಿದರು. ಮಗಳ ಗುಣ ಅವರಿಗೆ ಗೊತ್ತಿತ್ತು. ಗೊತ್ತಿಲ್ಲದೇ ಇದ್ದದ್ದು, ತಾವು ನೋಡಲಾಗದೇ ಹೋದ ಆ ರಾತ್ರಿಗಳು. ನನ್ನ ಎರಡು ಪುಟದಲ್ಲಿ ಅದೊಂದೇ ಇರಲಿಲ್ಲ. ಆ ಬೇಸರ ಈಗಲೂ ಇದೆ.

ಶಿವಮೊಗ್ಗಕ್ಕೆ ಬಂದಾಗ ಶಿವಪ್ಪನಾಯಕನ ಅರಮನೆಗೆ ಒಮ್ಮೆ ಹೋಗಿ ಬನ್ನಿ. ಅಲ್ಲಿ ವೀರಗಲ್ಲುಗಳನ್ನು ತಂದು ನಿಲ್ಲಿಸಿದ್ದಾರೆ. ಶಿಕಾರಿಪುರದ ಕಡೆ ಬಳ್ಳಿಗಾವಿಯಲ್ಲೂ ಬೇಕಾದಷ್ಟಿವೆ. ಸಾಮಾನ್ಯವಾಗಿ ಮೂರು ಅಂತಸ್ತು. ಮೇಲಿನದರಲ್ಲಿ ಸತ್ತ ವೀರ ಕೈಲಾಸದಲ್ಲಿ ಲಿಂಗದ ಮುಂದೆ ಕೂತಿರುತ್ತಾನೆ. ಮಧ್ಯದಲ್ಲಿ ಅಪ್ಸರೆಯರು ಕರೆದೊಯ್ಯುತ್ತಿರುತ್ತಾರೆ. ಕಲ್ಲಿನಿಂದ ಕಲ್ಲಿಗೆ ಈ ಎರಡೂ ಬಹುತೇಕ ಒಂದೇ. ಕೆಳಗಿನ ಅಂತಸ್ತಿಗೆ ಬಗ್ಗಿ ನೋಡಬೇಕು. ಒಬ್ಬ ಹಸುಗಳನ್ನು ಬಿಡಿಸಿಕೊಳ್ಳುತ್ತಾ ಬಿದ್ದಿದ್ದಾನೆ, ಹಿಂದೆ ಹಸುಗಳ ಕೊಂಬು ಸಾಲಾಗಿ ಕಾಣುತ್ತವೆ. ಇನ್ನೊಬ್ಬ ಕುದುರೆಯ ಮೇಲಿನವನನ್ನು ಎದುರಿಸಿದ್ದಾನೆ. ಕೈಯಲ್ಲಿ ಹಿಡಿದದ್ದು ಬಿಲ್ಲೋ ಕತ್ತಿಯೋ ಎಂದೂ ತಿಳಿಯುತ್ತದೆ. ಆ ಮನುಷ್ಯ ಯಾರು ಎಂದು ಹೇಳುವುದು ಆ ಕೆಳಗಿನ ಅಂತಸ್ತು. ಈಗಿನ ಶ್ರದ್ಧಾಂಜಲಿಗಳು ಸೀದಾ ಕೈಲಾಸದಿಂದ ಶುರುವಾಗುತ್ತವೆ. ನೀವು ಕೆಳಗಿನದನ್ನು ಕೆತ್ತಿ, ಮೇಲಿನ ಎರಡನ್ನು ಉಳಿದವರು ನೋಡಿಕೊಳ್ಳುತ್ತಾರೆ.

ನಿಮ್ಮ ಪತ್ರದಲ್ಲೇ ಅದು ಅರ್ಧ ಆಗಿದೆ. ಅಡಕತ್ತರಿ ಎಡಗೈಯಲ್ಲಿ. ಕತ್ತರಿಸಿದ ಎರಡು ಹೋಳಿನಲ್ಲಿ ದೊಡ್ಡದು ನಿಮ್ಮ ಎಲೆಗೆ. ಅರವತ್ತು ವರ್ಷದಲ್ಲಿ ಎಷ್ಟು ಕವಳ ಹಾಕಿರಬಹುದು ನೀವಿಬ್ಬರೂ? ಅಷ್ಟೂ ಸಲ ದೊಡ್ಡ ಹೋಳು ನಿಮಗೆ. ಉದಾರಿ ಎಂಬ ಪದ ಬರೆಯುವ ಅಗತ್ಯವೇ ಬರಲಿಲ್ಲ, ನೋಡಿ. ಇದೇ ರೀತಿ ಇನ್ನಷ್ಟು ಬರಲಿ. ಅವನು ಲಾಂಚಿಗೆ ಕಾಯುವಾಗ ನಿಂತು ಕಾಯುತ್ತಿದ್ದನೋ ಕೂತೋ? ಬರುವಾಗ ಕೈಯಲ್ಲಿ ಏನಿರುತ್ತಿತ್ತು? ನಿಮ್ಮನ್ನು ಏನೆಂದು ಕರೆಯುತ್ತಿದ್ದ? ದೀಪಾವಳಿಯ ರಾತ್ರಿ ದೀಪ ಹಿಡಿದು ಮನೆಮನೆಗೆ ಹಾಡುತ್ತಾ ಹೋಗುವ ಅಂಟಿಗೆ ಪಂಟಿಗೆಯವರ ಜೊತೆ ನೀವಿಬ್ಬರೂ ಹೋಗುತ್ತಿದ್ದಿರಾದರೆ, ದೀಪ ಹಿಡಿದವನು ಯಾರು, ಎಣ್ಣೆ ಹೊಯ್ಯಿಸಿಕೊಂಡವನು ಯಾರು, ಯಾರ ಮನೆಯ ನಾಯಿಗೆ ಹೆದರಿ ಓಡಿದಿರಿ? ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಸುವ ದಿನ ಅವನು ಸುಣ್ಣ ಮತ್ತು ಮೈಲುತುತ್ತವನ್ನು ತಾನೇ ಕದಡುತ್ತಿದ್ದನೋ, ಆಳಿಗೆ ಬಿಡುತ್ತಿದ್ದನೋ? ಮನುಷ್ಯನ ಗುಣ ಇಂಥಲ್ಲಿ ಕಾಣುತ್ತದೆ.

ಬರೆಯುವ ರೀತಿಯನ್ನೂ ಹೇಳುತ್ತೇನೆ. ಒಂದೇ ದಿನ ಕೂತು ಮುಗಿಸಲು ಹೋಗಬೇಡಿ. ದಿನಕ್ಕೆ ಹದಿನೈದು ನಿಮಿಷ ಸಾಕು. ಬೆಳಿಗ್ಗೆ ಬರೆಯಿರಿ, ರಾತ್ರಿ ಬೇಡ. ರಾತ್ರಿ ಬರೆದದ್ದು ಮಲಗಲು ಬಿಡುವುದಿಲ್ಲ. ಒಂದು ದಿನಕ್ಕೆ ಒಂದೇ ಸಂಗತಿ. ಕೈ ನಡುಗಿದರೆ ಫೋನಿನಲ್ಲಿ ಮಾತಾಡಿ ರೆಕಾರ್ಡ್ ಮಾಡಿ, ಮೊಮ್ಮಕ್ಕಳು ಬರೆದುಕೊಳ್ಳಲಿ. ಕೇಳಿಸಿಕೊಳ್ಳುವವರು ಎದುರಿಗಿದ್ದರೆ ಮಾತು ಇನ್ನೂ ಚೆನ್ನಾಗಿ ಬರುತ್ತದೆ. ಬರೆದರೆ ದುಃಖ ಇಳಿದೇ ಇಳಿಯುತ್ತದೆ ಎಂದು ನಾನು ಭರವಸೆ ಕೊಡಲಾರೆ. ಕೆಲವು ದಿನ ಹೆಚ್ಚೇ ಆದೀತು. ಆ ದಿನ ಪುಸ್ತಕ ಮುಚ್ಚಿ ತೋಟದ ಕಡೆಯೋ ಪೇಟೆಯ ಕಡೆಯೋ ಹೋಗಿ ಬನ್ನಿ.

ಜಾಮೀನಿನ ಜಗಳವನ್ನು ಬರೆಯಿರಿ ಎಂದೇ ನನ್ನ ಸಲಹೆ. ಆದರೆ ಮೂರು ಎಚ್ಚರ. ಹಣದ ಲೆಕ್ಕ, ಸಾಲ ಯಾರದು, ಯಾರು ಕಟ್ಟಲಿಲ್ಲ ಎಂಬುದು ಬೇಡ. ಅದಕ್ಕೆ ಉತ್ತರ ಕೊಡಲು ಅವನಿಲ್ಲ, ಆ ಮನೆಯವರು ನಾಳೆಯೂ ಅದೇ ಊರಲ್ಲಿ ಬಾಳಬೇಕು. ಅವನು ನಿಮ್ಮನ್ನು ನಂಬಿ ಹೇಳಿದ ಗುಟ್ಟು ಯಾವುದಾದರೂ ಇದ್ದರೆ ಅದು ನಿಮ್ಮೊಂದಿಗೇ ಇರಲಿ. ಮತ್ತು ಅಚ್ಚಿಗೆ ಹೋಗುವ ಮುಂಚೆ ಆ ಪುಟವನ್ನು ಅವನ ಮಗಳಿಗೆ ಓದಿ ಹೇಳಿ, ಅವಳು ಬೇಡ ಎಂದರೆ ಬಿಡಿ. ಉಳಿದದ್ದನ್ನು ಧಾರಾಳವಾಗಿ ಬರೆಯಿರಿ: ಆ ನಾಲ್ಕು ವರ್ಷ ಹೇಗಿತ್ತು, ಸಾಗರದ ಸಂತೆಯಲ್ಲಿ ಎದುರಾದರೆ ಯಾರು ಮೊದಲು ಮುಖ ತಿರುಗಿಸಿದಿರಿ, ಮಾತು ಮತ್ತೆ ಹೇಗೆ ಶುರುವಾಯಿತು. ಯಾರು ಮೊದಲು ಹೊಳೆ ದಾಟಿದಿರಿ ಎಂಬುದನ್ನು ನೀವು ಪತ್ರದಲ್ಲಿ ಹೇಳಿಲ್ಲ. ನನಗೆ ಓದಬೇಕೆನಿಸಿದ್ದು ಅದೇ. ಆ ಹುಡುಗಿಗೆ ಅಪ್ಪ ಬೇಕು, ದೇವರಲ್ಲ. ನಾಲ್ಕು ವರ್ಷ ಹಟ ಹಿಡಿದು, ಒಂದು ದಿನ ಹಟ ಬಿಟ್ಟ ಮನುಷ್ಯನನ್ನು ಅವಳು ಗುರುತಿಸುತ್ತಾಳೆ. ನಿಮಗೂ ಇದು ಬೇಕು. ಜಗಳವನ್ನು ಮುಚ್ಚಿಟ್ಟು ಬರೆದರೆ, ಉಳಿದ ಸಾಲುಗಳನ್ನೆಲ್ಲ ಬರೆಯುವಾಗ ಅದು ಪಕ್ಕದಲ್ಲೇ ಬಂದು ಕೂತಿರುತ್ತದೆ.

ಆ ನಾಲ್ಕು ವರ್ಷ ವ್ಯರ್ಥವಾಯಿತಲ್ಲ ಎಂಬ ಸಂಕಟ ನಿಮಗಿದೆ ಎಂದು ಊಹಿಸುತ್ತೇನೆ. ಹೌದು, ಹೋದ ವರ್ಷಗಳು ಹೋದವೇ, ಅದನ್ನು ನಾನು ಸಿಹಿ ಮಾಡಿ ಹೇಳುವುದಿಲ್ಲ. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಬಿಟ್ಟ ದಿನ ನೀವು ಟೀವಿ ನೋಡಿದಿರೋ ಇಲ್ಲವೋ. ಎರಡು ಕಿಲೋಮೀಟರಿಗೂ ಉದ್ದದ ಆ ಸೇತುವೆಯನ್ನು ನೋಡಿ ಆಚೆಯವರೆಲ್ಲ ಕುಣಿದಾಡಿದ್ದು ನ್ಯಾಯವೇ. ರಾತ್ರಿ ಹೆರಿಗೆ ನೋವು ಬಂದರೆ ಲಾಂಚಿಲ್ಲದೆ ಒದ್ದಾಡಿದ ಜನ ಅವರು. ಆದರೆ ನಿಮಗೆ ಅದು ತಡವಾಗಿ ಬಂದ ಸೇತುವೆ. ಆ ಸಿಟ್ಟು ಯಾರ ಮೇಲೆ ಎಂದು ತಿಳಿಯದ ಸಿಟ್ಟು. ಇರಲಿ ಬಿಡಿ, ಅದೂ ದುಃಖದ್ದೇ ಪಾಲು.

ವೈದ್ಯಕೀಯ ವಿಚಾರ, ಬೇಗ ಮುಗಿಸುತ್ತೇನೆ. ದೀರ್ಘಕಾಲ ಎಳೆಯುವ ಶೋಕವನ್ನು ಒಂದು ತೊಂದರೆ ಎಂದು ಈಗ ಗುರುತಿಸುತ್ತಾರೆ. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲಿ ಅದಕ್ಕೆ ಕನಿಷ್ಠ ಆರು ತಿಂಗಳು, ಅದೇ ವರ್ಷ ಪರಿಷ್ಕರಿಸಿದ ಅಮೆರಿಕದ ಪಟ್ಟಿಯಲ್ಲಿ ದೊಡ್ಡವರಿಗೆ ಒಂದು ವರ್ಷ ಎಂದಿದೆ. ತಿಂಗಳು ಎಣಿಸಿ ಹೆದರಬೇಡಿ, ತಿಂಗಳೊಂದೇ ಲೆಕ್ಕವಲ್ಲ. ದಿನವಿಡೀ ಹಂಬಲ ಬಿಟ್ಟು ಬೇರೇನೂ ಇಲ್ಲದಂತಾಗಿ ಸ್ನಾನ, ಊಟ, ಜನರ ಮುಖ ನೋಡುವುದು ಎಲ್ಲ ನಿಂತಾಗ ಅದು ಚಿಕಿತ್ಸೆ ಬೇಕಾದ ಸ್ಥಿತಿ. ನೀವು ಪತ್ರ ಬರೆಯುತ್ತಿದ್ದೀರಿ, ಪುಸ್ತಿಕೆಯ ಚಿಂತೆ ಮಾಡುತ್ತಿದ್ದೀರಿ, ಕಂಬ ಬೆಳ್ಳಗಿರುವುದು ಕಣ್ಣಿಗೆ ಬೀಳುತ್ತಿದೆ. ಆದರೂ ಊಟ ಸೇರದೆ ಇಳಿದುಹೋಗುತ್ತಿದ್ದರೆ, ಬಿಪಿ ಶುಗರ್ ಮಾತ್ರೆ ಬಿಟ್ಟಿದ್ದರೆ, ರಾತ್ರಿ ಕುಡಿತ ಶುರುವಾಗಿದ್ದರೆ, ನಾನೂ ಹೋಗಿಬಿಟ್ಟರೆ ಎಂಬ ಯೋಚನೆ ಬಂದರೆ ಕಾಯಬೇಡಿ. ಸಾಗರದ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ, ಇಲ್ಲ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಬನ್ನಿ. 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್ ಸಹಾಯವಾಣಿ ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಎದೆ ಹಿಡಿದಂತಾದರೆ ಮಾತ್ರ ಅದು ದುಃಖ ಎಂದು ನೀವೇ ತೀರ್ಮಾನ ಮಾಡಬೇಡಿ, ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೋಗಿ.

ಇನ್ನೆರಡು ಕೆಲಸ ಹೇಳುತ್ತೇನೆ. ಬೇಸಿಗೆಯಲ್ಲಿ ಹಿನ್ನೀರು ಇಳಿದು ಹಳೆಯ ದಾರಿ, ಬೊಡ್ಡೆಗಳು, ಗೋಡೆಯ ಗುರುತು ಕಾಣಿಸಿಕೊಳ್ಳುತ್ತವೆ. ನೀರು ತೀರಾ ಇಳಿದ ವರ್ಷ ಹಿನ್ನೀರಲ್ಲಿ ಮುಳುಗಿರುವ 1948ರ ಮಡೆನೂರು ಅಣೆಕಟ್ಟೆಯೇ ಎದ್ದು ನಿಲ್ಲುತ್ತದೆ. ಈ ಮೇ ತಿಂಗಳಲ್ಲಿ ನಿಮ್ಮ ಊರಿನ ಕಡೆ ನೀರು ಇಳಿದಿದ್ದರೆ ನಿಮ್ಮ ಮೊಮ್ಮಗನನ್ನೂ, ಗೆಳೆಯನ ಮಗಳನ್ನೂ ಅವಳ ಮಕ್ಕಳನ್ನೂ ಕರೆದುಕೊಂಡು ಹೋಗಿ. ಗಟ್ಟಿ ನೆಲ ಬಿಟ್ಟು ಕೆಸರಿಗೆ ಇಳಿಯಬೇಡಿ, ಮಕ್ಕಳನ್ನು ಬಿಡಬೇಡಿ. ಇಲ್ಲಿ ದಣಪೆ, ಇಲ್ಲಿ ಅವನ ಮನೆ ಜಗಲಿ, ಇಲ್ಲಿ ನಮ್ಮದು ಎಂದು ತೋರಿಸಿ. ತಪ್ಪು ಜಾಗ ತೋರಿಸಿದರೂ ಪರವಾಗಿಲ್ಲ. ಒಬ್ಬರ ತಲೆಯಲ್ಲಿ ಮಾತ್ರ ಉಳಿದಿರುವ ಊರು ಅಂದಿನಿಂದ ಐದಾರು ಜನರ ತಲೆಯಲ್ಲಿರುತ್ತದೆ.

ಎರಡನೆಯದಕ್ಕೆ ಮೇ ತನಕ ಕಾಯುವಂತಿಲ್ಲ. ವರ್ಷಾಂತಿಕ ಎಂದರೆ ನೆಂಟರು ಬರುತ್ತಾರೆ, ಮನೆಗೆ ಸುಣ್ಣಬಣ್ಣ ಆಗುತ್ತದೆ. ಜಗಲಿ ಕಂಬದ ಆ ಬಿಳಿ ಗುರುತು ಏನೆಂದು ಆ ಹುಡುಗಿಗೆ ಗೊತ್ತಿರಲಾರದು, ಕೊಳೆ ಎಂದುಕೊಂಡಿರಬಹುದು. ಇವತ್ತು ಸಂಜೆ, ಅವನಿಗೆ ಫೋನ್ ಮಾಡುವ ಹೊತ್ತಿಗೆ, ಅವಳ ನಂಬರಿಗೆ ಮಾಡಿ. ಬಣ್ಣದವರು ಬರುವ ಮೊದಲು ಆ ಕಂಬದ ವಿಷಯ ಹೇಳಿ.